ಸಂಪ್ ಹತ್ತಿರ ದೊಡ್ಡ ಹಾವು ಓಡಾಡುತ್ತಿದೆ. ಹಿಡಿಸಬೇಕಾ, ಹಾಗೇ ಬಿಡಬೇಕಾ?

ಸೈಟ್ ಪಕ್ಕದ ಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಯುಗಾದಿ ಕಳೆದ ಮೇಲೆ ಬನಶಂಕರಿ ಆರನೇ ಹಂತದಲ್ಲಿ ಹೊಸ ಮನೆಗೆ ಬಂದಿದ್ದೇವೆ. ತುರಹಳ್ಳಿ ಕಾಡು ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ನಮ್ಮ ಬಲಗಡೆ ಖಾಲಿ ಸೈಟ್. ಓನರ್ ಯಾರು ಅಂತ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಲಂಟಾನ, ಪಾರ್ಥೇನಿಯಂ ಆಳೆತ್ತರ ಬೆಳೆದಿವೆ. ಒಡೆದ ಟೈಲ್ಸ್, ಕಾಂಕ್ರೀಟ್ ತುಂಡುಗಳನ್ನು ಯಾರೋ ರಾತ್ರಿ ಟ್ರ್ಯಾಕ್ಟರ್‌ನಲ್ಲಿ ತಂದು ಸುರಿದು ಹೋಗುತ್ತಾರೆ.

ಹೋದ ವಾರ ಸಂಜೆ ನಮ್ಮ ಸಂಪ್ ಮುಚ್ಚಳದ ಪಕ್ಕದಲ್ಲಿ ಉದ್ದನೆಯ ಹಾವು ಕಂಡಿತು. ಹಳದಿ ಕಂದು ಬಣ್ಣ. ನನ್ನನ್ನು ನೋಡಿದ್ದೇ ಗೋಡೆ ಪಕ್ಕ ಸರ್ರನೆ ಓಡಿ ಕಾಂಪೌಂಡ್ ಬುಡದ ಹೆಗ್ಗಣದ ಬಿಲಕ್ಕೆ ನುಗ್ಗಿತು. ಹೆಡೆ ಬಿಚ್ಚಲಿಲ್ಲ. ಮೊನ್ನೆ ಬೆಳಿಗ್ಗೆ ಮತ್ತೆ ಅದೇ ಜಾಗದಲ್ಲಿ ಬಿಸಿಲು ಕಾಯಿಸುತ್ತಿತ್ತು. ನಿನ್ನೆ ಹಿಂದಿನ ಯುಟಿಲಿಟಿಯಲ್ಲಿ, ಗ್ಯಾಸ್ ಸಿಲಿಂಡರ್ ಹಿಂದೆ, ಪೊರೆ ಸಿಕ್ಕಿದೆ. ಆಗಿನಿಂದ ನನಗೆ ನಿದ್ದೆ ಇಲ್ಲ. ಮಗಳಿಗೆ ಮೂರು ವರ್ಷ, ದಿನವಿಡೀ ಸಂಪ್ ಪಕ್ಕದಲ್ಲೇ ಆಟ.

ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಅತ್ತೆ ಇದು ಸುಬ್ರಹ್ಮಣ್ಯ, ಹಾಲಿಡು ಅನ್ನುತ್ತಾರೆ. ಎದುರಿನ ಕಟ್ಟಡದ ವಾಚ್‌ಮನ್ ಕಾರ್ಬಾಲಿಕ್ ಆಸಿಡ್ ಬಾಟಲಿ ಮುಚ್ಚಳ ತೆಗೆದು ನಾಲ್ಕು ಮೂಲೆಗೆ ಇಡಿ ಅಂದ. ಲೇಔಟಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ದುಡ್ಡು ಹಾಕಿ ಆ ಸೈಟಿಗೆ ಬೆಂಕಿ ಕೊಡಿಸೋಣ ಅಂತ ಮಾತಾಗುತ್ತಿದೆ. ಹಾವು ಕೊಲ್ಲುವುದು ನನಗೆ ಇಷ್ಟವಿಲ್ಲ. ಆದರೆ ಮಗುವನ್ನು ಇಟ್ಟುಕೊಂಡು ಹೀಗೆ ಇರುವುದು ಹೇಗೆ? ಇದೇ ಪರಿಸ್ಥಿತಿಯಲ್ಲಿ ಇರುವವರು ದಯವಿಟ್ಟು ಹೇಳಿ.

ರಾಜಾಜಿನಗರದವನು:

ಇದಕ್ಕೆ ಇಷ್ಟೆಲ್ಲಾ ಯೋಚನೆ ಯಾಕೆ ಮೇಡಂ? ಹಾವು ಹಿಡಿಯುವವರಿಗೆ ಫೋನ್ ಮಾಡಿ, ಹಿಡಿಸಿ, ಬನ್ನೇರುಘಟ್ಟ ಕಾಡಿಗೆ ಬಿಡಿಸಿ. ಅದಕ್ಕೂ ಒಳ್ಳೆಯದು, ನಿಮಗೂ ನೆಮ್ಮದಿ. ಮಗು ಇರುವ ಮನೆಯಲ್ಲಿ ರಿಸ್ಕ್ ಬೇಡ.

ತಳಘಟ್ಟಪುರದ ನರ್ಸರಿಯವಳು:

ಮೇಡಂ, ಮೊದಲು ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಉದ್ದ, ಹಳದಿ ಕಂದು ಬಣ್ಣ, ಹಗಲಲ್ಲೇ ಓಡಾಟ, ಮನುಷ್ಯರನ್ನು ಕಂಡ ತಕ್ಷಣ ಓಟ. ಇದೆಲ್ಲ ಕೇರೆ ಹಾವಿನ ಲಕ್ಷಣ. ಆದರೆ ಹೇಳಿಕೆ ಕೇಳಿ ಖಂಡಿತ ಅನ್ನುವುದಕ್ಕಾಗುವುದಿಲ್ಲ. ನಾಗರಹಾವು ಕೂಡ ಸುಮ್ಮನೆ ಹೋಗುವಾಗ ಹೆಡೆ ಬಿಚ್ಚುವುದಿಲ್ಲ. ಮುಂದಿನ ಸಲ ದೂರದಿಂದಲೇ ಮೊಬೈಲ್ ಜೂಮ್ ಮಾಡಿ ಒಂದು ಫೋಟೋ ತೆಗೆಯಿರಿ. ಕೇರೆಗೆ ಕಣ್ಣು ದೊಡ್ಡದು, ಕತ್ತು ಸಣ್ಣ, ತುಟಿಯ ಮೇಲೆ ಕಪ್ಪು ಗೆರೆಗಳು ಇರುತ್ತವೆ. ಪೊರೆಯನ್ನೂ ಎಸೆಯಬೇಡಿ. ಅದರಲ್ಲಿ ಬಣ್ಣ ಉಳಿಯುವುದಿಲ್ಲ, ಆದರೆ ತಲೆಯ ಭಾಗ ಹರಿಯದೆ ಇದ್ದರೆ ಗೊತ್ತಿದ್ದವರು ಹುರುಪೆಗಳ ಜೋಡಣೆ ನೋಡಿ ಹೇಳುತ್ತಾರೆ. ಪೊರೆ ಸಿಕ್ಕಿತು ಅಂದರೆ ಹಾವು ಅಲ್ಲೇ ಮನೆ ಮಾಡಿದೆ ಅಂತಲ್ಲ. ಒರಟು ಜಾಗ ನೋಡಿ ಮೈ ಉಜ್ಜಿ ಕಳಚಿ ಹೋಗಿರುತ್ತದೆ, ಅಷ್ಟೇ.

ನಮ್ಮದು ಕನಕಪುರ ರಸ್ತೆ ಪಕ್ಕದ ನರ್ಸರಿ. ಹಿಂದೆ ಮಾವಿನ ತೋಪು, ಪಕ್ಕದಲ್ಲಿ ಮಳೆ ನೀರಿನ ಕಾಲುವೆ. ಸಾವಿರಾರು ಕುಂಡ, ಕೋಕೋಪೀಟ್ ಮೂಟೆ, ಕೊಟ್ಟಿಗೆ ಗೊಬ್ಬರದ ರಾಶಿ, ದಿನಾ ನೀರು ಹಾಕುವುದರಿಂದ ಕಪ್ಪೆಗಳು, ಬೀಜಕ್ಕೆ ಬರುವ ಇಲಿಗಳು. ಹಾವಿಗೆ ಬೇಕಾದ್ದೆಲ್ಲ ನಾವೇ ಒದಗಿಸಿದ್ದೇವೆ. ಕೇರೆ, ಒಳ್ಳೆ ಹಾವು, ಮರ ಹತ್ತುವ ಕೊಂಬೇರಿ ಮೂರ್ಖ, ಮಣ್ಣುಮುಕ್ಕ, ನಾಗರ, ಕೊಳಕುಮಂಡಲ, ಎಲ್ಲವನ್ನೂ ಇಲ್ಲಿ ನೋಡಿದ್ದೇವೆ. ಇಷ್ಟು ವರ್ಷ ಇವುಗಳ ಜೊತೆಗೇ ಕೆಲಸ ಮಾಡಿ ನಾನು ಒಂದು ನಿರ್ಧಾರಕ್ಕೆ ಬಂದಿದ್ದೇನೆ. ಮನೆ ಬೇರೆ, ಅಂಗಳ ಬೇರೆ. ಹೊಸ್ತಿಲ ಒಳಗೆ ಹಾವು ಬರಲೇಬಾರದು, ಅದಕ್ಕೆ ಎಷ್ಟು ಬೇಕಾದರೂ ಕಷ್ಟಪಡಿ, ದುಡ್ಡು ಖರ್ಚು ಮಾಡಿ. ಅಂಗಳದಿಂದ ಹಾವನ್ನು ಓಡಿಸುತ್ತೇನೆ ಅನ್ನುವ ಆಸೆ ಬಿಡಿ. ತುರಹಳ್ಳಿ ಪಕ್ಕದಲ್ಲಿ ಅದು ಆಗುವ ಮಾತಲ್ಲ.

ರಾಜಾಜಿನಗರದ ಸರ್ ಹೇಳಿದ್ದು ಬಹಳ ಜನರ ಮನಸ್ಸಲ್ಲಿರುವುದೇ. ಆದರೆ ಕೇರೆ ಹಿಡಿಸಿ ಕಳಿಸಿದಿರಿ ಅಂತಿಟ್ಟುಕೊಳ್ಳಿ. ಹೆಗ್ಗಣದ ಬಿಲ ಹಾಗೇ ಇದೆ, ಹೆಗ್ಗಣವೂ ಇದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಹಾವು ಬರುತ್ತದೆ. ಅದು ಕೇರೆಯೇ ಆಗಿರಬೇಕು ಅಂತೇನಿಲ್ಲ. ವಿಷವಿರುವ ನಾಗರ, ಕೊಳಕುಮಂಡಲ ಕೂಡ ಇಲಿ ತಿನ್ನುವ ಹಾವುಗಳೇ. ವಿಷವಿಲ್ಲದ, ಹಗಲಲ್ಲಿ ಓಡಾಡುವ, ನಿಮ್ಮನ್ನು ಕಂಡರೆ ಓಡುವ ಹಾವನ್ನು ಕಳಿಸಿ ಏನು ಬರುತ್ತದೋ ಗೊತ್ತಿಲ್ಲದ್ದಕ್ಕೆ ಜಾಗ ಮಾಡಿಕೊಡುವುದು ಯಾಕೆ?

ಇನ್ನು ಹಾವಿನ ಕಡೆಯಿಂದ ನೋಡಿ. ಅದಕ್ಕೆ ತನ್ನ ಜಾಗ ಗೊತ್ತು. ಯಾವ ಬಿಲ ತಂಪು, ನೀರು ಎಲ್ಲಿ, ಇಲಿ ಯಾವ ಹೊತ್ತಿಗೆ ಹೊರಡುತ್ತದೆ, ಎಲ್ಲ ಗೊತ್ತು. ಗುರುತೇ ಇಲ್ಲದ ಕಾಡಿಗೆ ಬಿಟ್ಟರೆ ಅಡಗುವ ಜಾಗ ಹುಡುಕುತ್ತಾ ಅಲೆಯುತ್ತದೆ. ಆಗುಂಬೆಯಲ್ಲಿ ಕಾಳಿಂಗ ಸರ್ಪಗಳಿಗೆ ರೇಡಿಯೋ ಟ್ರಾನ್ಸ್‌ಮೀಟರ್ ಹಾಕಿ ಹಿಂಬಾಲಿಸಿದ್ದಾರೆ. ಅಲ್ಲಿ ಬೇರೆ ಕಡೆ ಬಿಟ್ಟ ಹಾವು ಒಂದು ಕಡೆ ನೆಲೆ ನಿಲ್ಲದೆ ದೂರ ದೂರ ಹೋಗಿತ್ತು. ಬನ್ನೇರುಘಟ್ಟದ ಅಂಚಿನಲ್ಲೂ ಹಳ್ಳಿಗಳಿವೆ, ಅಲ್ಲೂ ಮಕ್ಕಳಿದ್ದಾರೆ ಅಲ್ವಾ? ನಮ್ಮ ಹೆದರಿಕೆಯನ್ನು ಅವರ ಅಂಗಳಕ್ಕೆ ಸಾಗಿಸುವುದು ಸರಿಯಲ್ಲ.

ಹಾಗಂತ ಯಾವ ಹಾವನ್ನೂ ಮುಟ್ಟಿಸಬೇಡಿ ಅನ್ನುತ್ತಿಲ್ಲ. ಮನೆ ಒಳಗೆ ಯಾವ ಹಾವು ಬಂದರೂ, ನಾಗರ ಅಥವಾ ಕೊಳಕುಮಂಡಲ ಮಗು ಆಡುವ ಜಾಗದಲ್ಲಿ ಕಂಡರೂ, ಕೂಡಲೇ ತಿಳಿದವರನ್ನು ಕರೆಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಅವರು ಬರುವವರೆಗೆ ಒಬ್ಬರು ದೂರ ನಿಂತು ಹಾವಿನ ಮೇಲೆ ಕಣ್ಣಿಟ್ಟಿರಬೇಕು. ಎಲ್ಲರೂ ಹೆದರಿ ಒಳಗೆ ಹೋಗಿಬಿಟ್ಟರೆ ಬಂದವರಿಗೆ ಹಾವು ಸಿಗುವುದಿಲ್ಲ. ರಾತ್ರಿಯೆಲ್ಲ ಅದು ಎಲ್ಲಿ ಹೋಯಿತು ಅಂತ ನೀವು ನಿದ್ದೆಗೆಡುತ್ತೀರಿ. ಬಂದವರು ಹಾವನ್ನು ಕತ್ತಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳಲು ಹೊರಟರೆ ದಯವಿಟ್ಟು ಪ್ರೋತ್ಸಾಹ ಕೊಡಬೇಡಿ. ಕೊಕ್ಕೆ ಮತ್ತು ಚೀಲ ಬಳಸಿ, ಸದ್ದಿಲ್ಲದೆ ಹಿಡಿದು, ಹತ್ತಿರದ ಸರಿಯಾದ ಜಾಗದಲ್ಲಿ ಬಿಡುವವರೇ ನಿಜವಾಗಿ ಕೆಲಸ ಬಲ್ಲವರು.

ಈಗ ಹೊಸ್ತಿಲಿನ ವಿಷಯ. ನಿಮ್ಮ ಬಾಗಿಲುಗಳ ಕೆಳಗೆ ಎಷ್ಟು ಸಂದಿ ಇದೆ ನೋಡಿ. ಕಿರುಬೆರಳು ತೂರಿದರೆ ಹಾವಿನ ಮರಿ ಆರಾಮಾಗಿ ಬರುತ್ತದೆ. ರಬ್ಬರ್ ಪಟ್ಟಿ ಅಥವಾ ಬ್ರಷ್ ಇರುವ ಪಟ್ಟಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಬಡಗಿಯನ್ನು ಕರೆಸಿ ಹೊಡೆಸಿ. ಬಚ್ಚಲಿನ, ಯುಟಿಲಿಟಿಯ ನೀರು ಹೋಗುವ ತೂತುಗಳಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲಿ ಹಾಕಿಸಿ. ತಾರಸಿಯಿಂದ ಮಳೆ ನೀರು ಇಳಿಯುವ ಪೈಪಿನ ಕೆಳಬಾಯಿ, ಎಸಿ ಪೈಪು ಗೋಡೆ ತೂರುವ ಜಾಗ, ಯುಪಿವಿಸಿ ಕಿಟಕಿಯ ಮೂಲೆ, ಇವನ್ನು ಯಾರೂ ನೋಡುವುದಿಲ್ಲ. ನೀವು ನೋಡಿ. ಮರದ ಕೊಂಬೆ, ಬಳ್ಳಿ ಬಾಲ್ಕನಿಗೆ ತಾಗುತ್ತಿದ್ದರೆ ಕತ್ತರಿಸಿ. ಸಿಲಿಂಡರ್ ಹಿಂದೆ ಹಳೆ ಪೇಪರ್, ಖಾಲಿ ರಟ್ಟಿನ ಪೆಟ್ಟಿಗೆ ಜೋಡಿಸಿದ್ದರೆ ಇವತ್ತೇ ತೆಗೆಯಿರಿ. ಪೊರೆ ಅಲ್ಲಿ ಸಿಕ್ಕಿದೆ ಅಂದರೆ ಹೊರಗಿನಿಂದ ಅಲ್ಲಿಗೆ ದಾರಿ ಇದೆ. ಮೊದಲು ಆ ದಾರಿ ಹುಡುಕಿ.

ಅಂಗಳದಲ್ಲಿ ಮುಖ್ಯವಾದದ್ದು ಇಲಿ. ಇಲಿ ಕಡಿಮೆಯಾದರೆ ಹಾವು ತಾನಾಗಿ ಕಡಿಮೆಯಾಗುತ್ತದೆ. ನಾಯಿ ತಿಂದು ಬಿಟ್ಟ ಅನ್ನ, ಪಾರಿವಾಳಕ್ಕೆ ಹಾಕಿದ ಕಾಳು, ಮುಚ್ಚಳವಿಲ್ಲದ ಹಸಿ ಕಸದ ಬಕೆಟ್ ರಾತ್ರಿ ಹೊರಗೆ ಇರಬಾರದು. ಮನೆ ಕಟ್ಟಿ ಮಿಕ್ಕಿದ ಹಾಲೋಬ್ಲಾಕ್, ಸೈಜ್ ಕಲ್ಲು, ಸೆಂಟ್ರಿಂಗ್ ಹಲಗೆ ಗೋಡೆ ಪಕ್ಕದಲ್ಲಿದೆಯಾ? ಹೊಸ ಮನೆಗಳಲ್ಲಿ ಇದ್ದೇ ಇರುತ್ತದೆ. ಯಾರಿಗಾದರೂ ಕೊಟ್ಟು ಖಾಲಿ ಮಾಡಿಸಿ. ಕಲ್ಲು ಎತ್ತುವಾಗ ಬೂಟು ಹಾಕಿಕೊಂಡು, ತಮ್ಮ ಕಡೆಗೆ ಎಳೆಯದೆ ಆಚೆ ಕಡೆಗೆ ಉರುಳಿಸಲು ಹೇಳಿ. ಹೆಗ್ಗಣದ ಬಿಲ ಮುಚ್ಚಿಸಬೇಕು, ಆದರೆ ಹಾವು ಒಳಗಿರುವಾಗ ಸಿಮೆಂಟ್ ಹಾಕಿಸಬೇಡಿ. ಸಂಜೆ ಬಿಲದ ಬಾಯಿಗೆ ಒಂದು ಹಿಡಿ ಒಣ ಎಲೆ ಸಡಿಲವಾಗಿ ತುರುಕಿ. ಮೂರ್ನಾಲ್ಕು ದಿನ ಅದು ಅಲುಗಾಡದೆ ಹಾಗೇ ಇದ್ದರೆ ಬಿಲ ಖಾಲಿ, ಆಮೇಲೆ ಜಲ್ಲಿ ತುಂಬಿ ಮುಚ್ಚಿಸಿ.

ಕಾರ್ಬಾಲಿಕ್ ಆಸಿಡ್ ಮಾತ್ರ ಮನೆಗೆ ತರಲೇಬೇಡಿ. ಮಗುವಿನ ಚರ್ಮ ಸುಡುತ್ತದೆ, ಹಾವು ಅದರ ಪಕ್ಕದಲ್ಲೇ ಹಾದು ಹೋಗುತ್ತದೆ. ಬೆಳ್ಳುಳ್ಳಿ ನೀರು, ನುಸಿ ಗುಳಿಗೆ, ಫಿನಾಯಿಲ್, ಉಪ್ಪಿನ ಗೆರೆ, ಆನ್‌ಲೈನ್‌ನಲ್ಲಿ ಮಾರುವ ಪುಡಿ, ಯಾವುದನ್ನೂ ನಂಬಬೇಡಿ. ನಮ್ಮ ನರ್ಸರಿಗೆ ಬಂದು ಹಾವು ಬಾರದ ಗಿಡ ಕೊಡಿ ಅಂತ ಕೇಳುವವರು ತುಂಬಾ ಜನ. ಈಶ್ವರಿ ಬಳ್ಳಿ ನಮ್ಮಲ್ಲಿದೆ. ಚೆನ್ನಾಗಿ ಮಾರಾಟವಾಗುತ್ತದೆ ಕೂಡ. ಆದರೆ ಹಾವಿಗೆ ಅಂತ ಕೇಳಿದವರಿಗೆ ನಾನು ಕೊಡುವುದಿಲ್ಲ. ಗಿಡ ನೆಟ್ಟಾಯಿತು ಅನ್ನುವ ಧೈರ್ಯದಲ್ಲಿ ಟಾರ್ಚ್ ಇಲ್ಲದೆ ಕತ್ತಲಲ್ಲಿ ಓಡಾಡುತ್ತಾರೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ, ನೈಲಾನ್ ಬಲೆ. ಕೈತೋಟಕ್ಕೆ, ಇಲಿ ಬಾರದ ಹಾಗೆ, ಬೆಕ್ಕು ಬಾರದ ಹಾಗೆ ಅಂತ ನೆಲದವರೆಗೆ ಬಲೆ ಕಟ್ಟುತ್ತಾರೆ. ಕೇರೆ ಅದರಲ್ಲಿ ತಲೆ ತೂರಿಸಿ ಮುಂದೆ ಹೋಗಲು ನೋಡುತ್ತದೆ. ಹುರುಪೆ ಸಿಕ್ಕಿಕೊಂಡು ಹಿಂದಕ್ಕೂ ಬರಲಾಗುವುದಿಲ್ಲ. ದಾರ ಮೈಗೆ ಕುಯ್ದು ಬಿಸಿಲಲ್ಲಿ ಸಾಯುತ್ತದೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬಲೆ ಬೇಕೇ ಬೇಕಾದರೆ ನೆಲದಿಂದ ಒಂದಡಿ ಮೇಲೆ ಕಟ್ಟಿ. ಹಾವು ಸಿಕ್ಕಿಕೊಂಡಿದ್ದರೆ ನೀವು ಬಿಡಿಸಲು ಹೋಗಬೇಡಿ, ಒದ್ದೆ ಬಟ್ಟೆ ದೂರದಿಂದ ಹೊದಿಸಿ ನೆರಳು ಮಾಡಿ, ತಿಳಿದವರನ್ನು ಕರೆಯಿರಿ. ಗಾಯವಾದ ಹಾವಿಗೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ.

ಬೆಂಕಿ ಹಾಕುವ ಮಾತನ್ನು ಗ್ರೂಪಿನಲ್ಲಿ ನೀವೇ ತಡೆಯಿರಿ. ಸುಟ್ಟು ಸಾಯುವುದು ಸಾಯುತ್ತವೆ, ಉಳಿದವು ಎಲ್ಲಿಗೆ ಓಡಬೇಕು? ನಿಮ್ಮ ಕಾಂಪೌಂಡಿಗೇ. ಜೆಸಿಬಿ ತರಿಸಿ ಒಂದೇ ದಿನದಲ್ಲಿ ಬೋಳು ಮಾಡಿಸಿದರೂ ಅದೇ ಕಥೆ. ನಮ್ಮ ಕಡೆ ಯಾವ ಸೈಟಿಗೆ ಜೆಸಿಬಿ ಬಂದರೂ ಆ ವಾರ ಅಕ್ಕಪಕ್ಕದ ಮನೆಗಳಲ್ಲಿ ಹಾವು ಕಾಣುತ್ತದೆ. ಬದಲಿಗೆ ನಿಮ್ಮ ಗೋಡೆ ಪಕ್ಕದಿಂದ ಶುರುಮಾಡಿ, ಕೈಯಲ್ಲಿ ಗಿಡ ಕತ್ತರಿಸುತ್ತಾ, ದಿನಕ್ಕಿಷ್ಟು ಅಂತ ಆಚೆ ಕಡೆಗೆ ಹೋಗಲಿ. ಹಾವಿಗೆ ಸರಿದು ಹೋಗಲು ಸಮಯ ಸಿಗುತ್ತದೆ. ಗೋಡೆಯಿಂದ ಏಳೆಂಟು ಅಡಿ ಬಯಲಾದರೆ ಸಾಕು. ಉಳಿದದ್ದು ಹಾಗೇ ಇರಲಿ ಅಂತಲೇ ನನ್ನ ಅಭಿಪ್ರಾಯ, ಬೇರೆಯವರು ಒಪ್ಪದೆ ಇರಬಹುದು. ಕಟ್ಟಡದ ಕಸ ಸುರಿಯುವುದರ ಬಗ್ಗೆ ಮಾತ್ರ ಬಿಡದೆ ದೂರು ಕೊಡಿ. ಗಿಡಗಂಟಿಗಿಂತ ಆ ಕಾಂಕ್ರೀಟ್ ತುಂಡುಗಳ ಸಂದಿಯೇ ಇಲಿಗೂ ಹಾವಿಗೂ ಹೆಚ್ಚು ಅನುಕೂಲ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಅವರ ಭಕ್ತಿ ದೊಡ್ಡದು. ಆ ಭಕ್ತಿ ಇದ್ದದ್ದರಿಂದಲೇ ನಮ್ಮೂರುಗಳಲ್ಲಿ ನಾಗರಹಾವು ಇನ್ನೂ ಉಳಿದಿದೆ. ಆದರೆ ಹಾವು ಹಾಲು ಕುಡಿಯುವ ಪ್ರಾಣಿ ಅಲ್ಲ. ತಟ್ಟೆಯಲ್ಲಿಟ್ಟ ಹಾಲಿಗೆ ಬರುವುದು ಬೆಕ್ಕು, ಇಲಿ. ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆಯಲಿ, ಅಂಗಳದಲ್ಲಿ ಬೇಡ. ಪಂಚಮಿಗೆ ಹುತ್ತದ ಬಾಯೊಳಗೆ ಹಾಲು ಸುರಿಯುವುದೂ ಬೇಡ. ಒಳಗೆ ಹಾವು ಇದ್ದರೆ ಅದಕ್ಕೆ ಹಿಂಸೆ.

ರಾಜಾಜಿನಗರದವನು:

ಅಕ್ಕ, ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ನಾನು ಹುಟ್ಟಿ ಬೆಳೆದ ಬೀದಿಯಲ್ಲಿ ಹಾವು ಕಂಡದ್ದೇ ಅಪರೂಪ, ಹಾಗಾಗಿ ಕಾಡಿಗೆ ಬಿಡುವುದೇ ದಾರಿ ಅಂದುಕೊಂಡಿದ್ದೆ. ಒಂದು ಅನುಮಾನ. ಕೇರೆ ನಾಗರಹಾವಿನ ಜೊತೆ ಕೂಡುತ್ತದೆ, ಕೇರೆ ಇದ್ದಲ್ಲಿ ನಾಗರ ಇದ್ದೇ ಇರುತ್ತದೆ ಅನ್ನುತ್ತಾರಲ್ಲ?

ತಳಘಟ್ಟಪುರದ ನರ್ಸರಿಯವಳು:

ಇಲ್ಲ ಸರ್. ಎರಡು ಹಾವು ಹೆಣೆದುಕೊಂಡು ಎದ್ದು ನಿಲ್ಲುವುದನ್ನು ನೋಡಿ ಜನ ಹಾಗೆ ಹೇಳುತ್ತಾರೆ. ಸಾಮಾನ್ಯವಾಗಿ ಅವು ಎರಡೂ ಗಂಡು ಕೇರೆಗಳು. ಒಂದನ್ನೊಂದು ನೆಲಕ್ಕೆ ಒತ್ತಲು ನೋಡುತ್ತಿರುತ್ತವೆ, ಅದು ಕುಸ್ತಿ. ಬಾಲದಲ್ಲಿ ಹೊಡೆದರೆ ಕೈಕಾಲು ಕೊಳೆಯುತ್ತದೆ ಅನ್ನುವುದೂ ಸುಳ್ಳು. ಕೇರೆ, ನಾಗರ ಎರಡೂ ಒಂದೇ ಜಾಗದಲ್ಲಿ ಕಾಣುತ್ತವೆ ಅನ್ನುವುದು ಮಾತ್ರ ನಿಜ, ಯಾಕೆಂದರೆ ಊಟ ಒಂದೇ.

ನೈಟ್ ಡ್ಯೂಟಿ:

ನಾನು ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸ್ಟಾಫ್ ನರ್ಸ್. ನರ್ಸರಿ ಅಕ್ಕ ಹೇಳಿದ್ದಕ್ಕೆ ಆಸ್ಪತ್ರೆ ಕಡೆಯ ಮಾತು ಸೇರಿಸುತ್ತೇನೆ. ಸೈಟ್ ಪಕ್ಕದ ಮೇಡಂ, ನಿಮ್ಮ ಮನೆಗೆ ಹತ್ತಿರದಲ್ಲಿ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷದ ಇಂಜೆಕ್ಷನ್ ಇದೆ, ರಾತ್ರಿ ಹೊತ್ತೂ ಡಾಕ್ಟರ್ ಇರುತ್ತಾರಾ, ಐಸಿಯು ಇದೆಯಾ ಅಂತ ಈಗಲೇ ಹೋಗಿ ವಿಚಾರಿಸಿ. ಆಮೇಲೆ ಹುಡುಕಲು ಹೊರಟರೆ ಒಂದು ಕ್ಲಿನಿಕ್‌ನಿಂದ ಇನ್ನೊಂದಕ್ಕೆ ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ನಮ್ಮ ಹತ್ತಿರ ತಡವಾಗಿ ಬರುವವರಲ್ಲಿ ಬಹಳ ಜನ ಹೀಗೆ ಸುತ್ತಿ ಬಂದವರು, ಇಲ್ಲವೇ ನಾಟಿ ಔಷಧಿಗೆ ಹೋಗಿ ಬಂದವರು.

ಕಚ್ಚಿದರೆ ಬಿಗಿಯಾಗಿ ಕಟ್ಟು ಕಟ್ಟಬೇಡಿ. ಕುಯ್ಯಬೇಡಿ, ಹೀರಬೇಡಿ, ಐಸ್ ಇಡಬೇಡಿ. ಹಗ್ಗ ಬಿಗಿದು ಕಟ್ಟಿಕೊಂಡು ಬಂದ ಕಾಲನ್ನು ಉಳಿಸುವುದೇ ಒಂದು ಬೇರೆ ಹೋರಾಟ ಆಗುತ್ತದೆ. ಉಂಗುರ, ಬಳೆ, ಕಾಲುಂಗುರ, ವಾಚು ತೆಗೆಯಿರಿ, ಆಮೇಲೆ ಊತ ಬಂದರೆ ತೆಗೆಯಲಾಗುವುದಿಲ್ಲ. ಕಚ್ಚಿದ ಕೈ ಅಥವಾ ಕಾಲನ್ನು ಮುರಿದ ಮೂಳೆಗೆ ಪಟ್ಟಿ ಕಟ್ಟಿದಂತೆ ಒಂದು ಹಲಗೆಗೆ ಸಡಿಲವಾಗಿ ಕಟ್ಟಿ, ಅಲುಗಾಡದ ಹಾಗೆ ಇಡಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. 108 ಕರೆಯಿರಿ, ಆಂಬುಲೆನ್ಸ್‌ಗಿಂತ ಮೊದಲು ಕಾರು ಸಿಕ್ಕರೆ ಕಾರಿನಲ್ಲೇ ಹೊರಡಿ. ಹಾವನ್ನು ಹುಡುಕಿ ಕೊಂದು ತರುವುದು ಬೇಡ. ನಮಗೆ ಬೇಕಾಗಿರುವುದು ಕಚ್ಚಿದ ಸಮಯ ಮತ್ತು ಲಕ್ಷಣ. ಇಲ್ಲಿ ಕೊಡುವ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ.

ಮಗು ಚಿಕ್ಕದು ಅಂತ ಔಷಧಿ ಕಡಿಮೆ ಕೊಡುವುದಿಲ್ಲ, ಇದು ತಾಯಂದಿರಿಗೆ ಗೊತ್ತಿರಲಿ. ಹಾವು ಮಗುವಿಗೂ ದೊಡ್ಡವರಿಗೂ ಒಂದೇ ಅಳತೆಯಲ್ಲಿ ವಿಷ ಬಿಡುತ್ತದೆ, ಹಾಗಾಗಿ ಡೋಸ್ ಕೂಡ ಒಂದೇ. ವಿಷ ಏರಿದ ಲಕ್ಷಣ ಇದ್ದರೆ ಮೊದಲಿಗೇ ಎಂಟರಿಂದ ಹತ್ತು ವಯಲ್, ಅಂದರೆ ಔಷಧಿಯ ಸಣ್ಣ ಬಾಟಲಿ, ಕೊಡುತ್ತಾರೆ. ಲಕ್ಷಣ ಇಲ್ಲದಿದ್ದರೆ ಕೊಡದೆ 24 ಗಂಟೆ ನೋಡುತ್ತಾರೆ, ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡುತ್ತಾರೆ. ಇಂಜೆಕ್ಷನ್ ಯಾಕೆ ಕೊಡುತ್ತಿಲ್ಲ ಅಂತ ಜಗಳಕ್ಕೆ ನಿಲ್ಲಬೇಡಿ. ಅದು ಕುದುರೆಯ ರಕ್ತದಿಂದ ತಯಾರಾಗುವ ಔಷಧಿ, ಕೆಲವರಿಗೆ ಜೋರಾದ ಅಲರ್ಜಿ ಆಗುತ್ತದೆ. ಬೇಕಾದವರಿಗೆ ಮಾತ್ರ ಕೊಡಬೇಕು.

2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಸರ್ಕಾರಿ, ಖಾಸಗಿ ಎಲ್ಲ ಆಸ್ಪತ್ರೆಗಳೂ ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಆಗಿದೆ. ಬಹಳ ಬೇಕಾಗಿದ್ದ ಕೆಲಸ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಜನ ಅಂತ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅದರ ಮುಂದೆ ಬೆಂಗಳೂರಿನ ಪಕ್ಕಾ ಮನೆಯಲ್ಲಿರುವ ನಮ್ಮ ಅಪಾಯ ತುಂಬಾ ಸಣ್ಣದು.

ಸೈಟ್ ಪಕ್ಕದ ಮನೆ:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಫೋಟೋ ಸಿಕ್ಕಿತು, ಕೆಳಗೆ ಹಾಕಿದ್ದೇನೆ. ಕಣ್ಣು ದೊಡ್ಡದಿದೆ, ತುಟಿ ಮೇಲೆ ಕಪ್ಪು ಗೆರೆಗಳಿವೆ. ಯುಟಿಲಿಟಿಯ ಬಾಗಿಲ ಕೆಳಗೆ ಒಂದು ಇಂಚಿನಷ್ಟು ಸಂದಿ ಇತ್ತು, ಬಡಗಿ ಬಂದು ಪಟ್ಟಿ ಹೊಡೆದು ಹೋದ. ಗ್ರೂಪಿನಲ್ಲಿ ಬೆಂಕಿ ಬೇಡ ಅಂತ ಬರೆದೆ. ಇಬ್ಬರು ಸಿಟ್ಟಾದರು, ಉಳಿದವರು ಕೈಯಲ್ಲಿ ಕತ್ತರಿಸುವುದಕ್ಕೆ ಒಪ್ಪಿದ್ದಾರೆ.

ಇನ್ನೆರಡು ವಿಷಯ ಕೇಳಬೇಕಿತ್ತು. ಕೊಳಕುಮಂಡಲ ಕಂಡರೆ ಗುರುತಿಸುವುದು ಹೇಗೆ? ಇನ್ನೊಂದು, ಎದುರಿನ ಕಟ್ಟಡದ ವಾಚ್‌ಮನ್ ಕುಟುಂಬ ತಗಡಿನ ಶೆಡ್ಡಿನಲ್ಲಿದೆ, ಸಿಮೆಂಟ್ ಮೂಟೆ ಪಕ್ಕದಲ್ಲೇ ಮಕ್ಕಳ ಜೊತೆ ನೆಲದ ಮೇಲೆ ಮಲಗುತ್ತಾರೆ. ಹೋದ ತಿಂಗಳು ಅವರ ಶೆಡ್ಡಿನಲ್ಲಿ ಕಪ್ಪು ಮೈಗೆ ಬಿಳಿ ಪಟ್ಟೆ ಇರುವ ಸಣ್ಣ ಹಾವು ಬಂದಿತ್ತಂತೆ, ಹೊಡೆದು ಹಾಕಿದರಂತೆ. ಅದು ಯಾವುದಿರಬಹುದು?

ತಳಘಟ್ಟಪುರದ ನರ್ಸರಿಯವಳು:

ಫೋಟೋದಲ್ಲಿರುವುದು ಕೇರೆಯೇ, ಅನುಮಾನವಿಲ್ಲ. ಮೈ ಹೊಳೆಯುತ್ತಿದೆ, ಈಗಷ್ಟೇ ಪೊರೆ ಬಿಟ್ಟಿದೆ. ಆರೋಗ್ಯವಾಗಿದೆ. ನೋಡಿ ಖುಷಿಯಾಯಿತು.

ಕೊಳಕುಮಂಡಲ ದಪ್ಪ ಹಾವು. ಕಂದು ಮೈ ಮೇಲೆ ಸರಪಳಿ ಹಾಗೆ ಮೂರು ಸಾಲು ಅಂಡಾಕಾರದ ಚುಕ್ಕೆಗಳು, ತಲೆ ತ್ರಿಕೋನ, ಬಾಲ ಗಿಡ್ಡ. ಕೇರೆಯಂತೆ ಓಡುವುದಿಲ್ಲ. ಒಣ ಎಲೆಯಲ್ಲಿ ಸುರುಳಿ ಸುತ್ತಿ ಕೂತಿರುತ್ತದೆ, ಹತ್ತಿರ ಹೋದರೆ ಕುಕ್ಕರ್ ಹಬೆ ಬಿಟ್ಟ ಹಾಗೆ ಬುಸುಗುಡುತ್ತದೆ. ಇದನ್ನು ಹೆಬ್ಬಾವಿನ ಮರಿ ಅಂದುಕೊಂಡು ಕೈ ಹಾಕುವವರಿದ್ದಾರೆ. ಬೆಂಗಳೂರಿನ ಮನೆ ಪಕ್ಕ ಚುಕ್ಕೆ ಇರುವ ದಪ್ಪ ಹಾವು ಕಂಡರೆ ಹೆಬ್ಬಾವು ಅಂತ ಯೋಚಿಸಲೇಬೇಡಿ. ಹಾವು ಓಡಿ ಹೋಗುತ್ತದೆ ಅನ್ನುವ ನಂಬಿಕೆ ಇದರ ಮುಂದೆ ನಡೆಯುವುದಿಲ್ಲ, ನಾವೇ ನೋಡಿ ಹೆಜ್ಜೆ ಇಡಬೇಕು. ಕತ್ತಲಾದ ಮೇಲೆ ಟಾರ್ಚ್ ಮತ್ತು ಚಪ್ಪಲಿ ಬದಲು ಬೂಟು, ಇಷ್ಟು ಸಾಕು. ಮಗಳ ಚಪ್ಪಲಿ ಹೊರಗೆ ಬಿಡಬೇಡಿ, ಬಿಟ್ಟರೆ ಹಾಕುವ ಮೊದಲು ಕೊಡವಿ. ಮುಂಗಾರಿನ ತಿಂಗಳುಗಳಲ್ಲಿ ಕೊಳಕುಮಂಡಲದ ಮರಿ, ನಾಗರದ ಮರಿ ಎರಡೂ ಓಡಾಡುತ್ತವೆ. ಒಂದು ಮರಿ ಕಂಡರೆ ಇನ್ನಷ್ಟು ಇರುತ್ತವೆ ಅಂತಲೇ ತಿಳಿಯಿರಿ. ಮೊಟ್ಟೆಯಿಂದ ಬಂದ ದಿನದಿಂದಲೇ ನಾಗರ ಮರಿಗೆ ವಿಷ ಇರುತ್ತದೆ. ಆ ಸಮಯದಲ್ಲಿ ಮಗುವನ್ನು ಗಿಡಗಳ ಹತ್ತಿರ ಒಬ್ಬಳನ್ನೇ ಬಿಡಬೇಡಿ. ಹಾವು ಕಂಡರೆ ಮುಟ್ಟಬಾರದು, ಹಿಂದೆ ಸರಿದು ಅಮ್ಮನ್ನ ಕರೀಬೇಕು ಅಂತ ಆಟದಂತೆ ಕಲಿಸಿ. ಮೂರು ವರ್ಷಕ್ಕೆ ಚೆನ್ನಾಗಿ ಕಲಿಯುತ್ತಾರೆ. ನಮ್ಮ ಕೆಲಸದವರ ಮಕ್ಕಳು ಎಲ್ಲರೂ ಕಲಿತಿದ್ದಾರೆ.

ಈಗ ನೀವು ಕೇಳಿದ ಎರಡನೇ ವಿಷಯ. ನಿಮ್ಮ ಸಂಪಿನ ಕೇರೆಗಿಂತ ಇದೇ ನನ್ನ ಎದೆ ನಡುಗಿಸಿತು. ಪಟ್ಟೆ ಇರುವ ಆ ಹಾವು ಎರಡರಲ್ಲಿ ಒಂದಾಗಿರಬಹುದು. ತೋಳದ ಹಾವು ಅಂತ ಒಂದಿದೆ, ವಿಷವಿಲ್ಲ, ಗೋಡೆ ಹತ್ತುತ್ತದೆ, ಹಲ್ಲಿ ತಿನ್ನುತ್ತದೆ. ಅದಕ್ಕೆ ಪಟ್ಟೆ ಕತ್ತಿನ ಕಡೆ ಎದ್ದು ಕಾಣುತ್ತದೆ, ಬಾಲಕ್ಕೆ ಹೋಗುತ್ತಾ ಮಾಸುತ್ತದೆ. ಕಟ್ಟುಹಾವಿಗೆ ಇದರ ಉಲ್ಟಾ. ತೆಳು ಬಿಳಿ ಪಟ್ಟೆಗಳು ಜೋಡಿ ಜೋಡಿಯಾಗಿ ಇರುತ್ತವೆ, ಬಾಲದ ಕಡೆ ಸ್ಪಷ್ಟ, ಕತ್ತಿನ ಹತ್ತಿರ ಕಾಣುವುದೇ ಇಲ್ಲ. ಸತ್ತ ಹಾವನ್ನು ಈಗ ನೋಡಲಾಗದು. ಹಾಗಾಗಿ ಕಟ್ಟುಹಾವು ಅಂತಲೇ ಇಟ್ಟುಕೊಂಡು ನಡೆಯಬೇಕು.

ಕಟ್ಟುಹಾವು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರುತ್ತದೆ, ನಿದ್ದೆಯಲ್ಲಿ ಹೊರಳಿದಾಗ ಕಚ್ಚುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ, ಊತವೂ ಬರುವುದಿಲ್ಲ. ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆ ನೋವು, ವಾಂತಿ ಅಂತ ಎದ್ದು, ಆಮೇಲೆ ರೆಪ್ಪೆ ಎತ್ತಲಾಗುವುದಿಲ್ಲ, ಮಾತು ತೊದಲುತ್ತದೆ, ಉಸಿರು ನಿಲ್ಲುತ್ತದೆ. ನೆಲದ ಮೇಲೆ ಮಲಗಿದ್ದ ಮಗು ಹೀಗೆ ಎದ್ದರೆ ಅಜೀರ್ಣ ಅಂತ ಕಾಯಬಾರದು ಅಂತ ಆ ತಾಯಿಗೆ ನೀವೇ ಹೋಗಿ ಹೇಳಿ.

ನಮ್ಮ ಹೊಸ ಮನೆಗಳಲ್ಲಿ ಬಾಗಿಲಿಗೆ ಪಟ್ಟಿ ಹೊಡೆಸುತ್ತೇವೆ, ಜಾಲಿ ಹಾಕಿಸುತ್ತೇವೆ. ಆ ಮನೆ ಕಟ್ಟಿದವರು ಮಾತ್ರ ತಗಡಿನ ಶೆಡ್ಡಿನಲ್ಲಿ ಚಾಪೆ ಮೇಲೆ ಮಲಗುತ್ತಾರೆ. ಈ ನಗರದಲ್ಲಿ ಹಾವಿನ ನಿಜವಾದ ಅಪಾಯ ಇರುವುದು ಅವರಿಗೆ. ನಮ್ಮ ನರ್ಸರಿಯಲ್ಲೂ ಎರಡು ಕುಟುಂಬ ಒಳಗೇ ಇವೆ. ಅವರು ಬಂದ ದಿನವೇ ಮಂಚ ಮತ್ತು ಸೊಳ್ಳೆ ಪರದೆ ಕೊಡುವುದು ನಮ್ಮ ನಿಯಮ. ಮಂಚವನ್ನು ಗೋಡೆಗೆ ತಾಗಿಸದೆ ಇಡಬೇಕು, ಹೊದಿಕೆ ನೆಲಕ್ಕೆ ಇಳಿಬಿಡಬಾರದು, ಅಕ್ಕಿ ಮತ್ತು ರಾಗಿ ಮುಚ್ಚಳದ ಡಬ್ಬಿಯಲ್ಲಿರಬೇಕು. ಶೌಚಕ್ಕೆ ಹೊರಗೆ ಹೋಗುವ ದಾರಿಗೆ ಒಂದು ಬಲ್ಬ್ ಹಾಕಿಸಿದ್ದೇವೆ. ಇದಕ್ಕೆಲ್ಲ ಆದ ಖರ್ಚು ಒಂದು ಲೋಡ್ ಎಂ ಸ್ಯಾಂಡಿಗಿಂತ ಕಡಿಮೆ. ಕಟ್ಟಡದ ಓನರ್‌ಗೆ ಹಾಗೇ ಲೆಕ್ಕ ಹೇಳಿ, ಒಪ್ಪುತ್ತಾರೆ.

ಹೊಡೆದು ಹಾಕಿದ್ದಕ್ಕೆ ಅವರ ಮೇಲೆ ಸಿಟ್ಟಾಗಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಾವುಗಳಿಗೆ ರಕ್ಷಣೆ ಇದೆ. 2022ರ ತಿದ್ದುಪಡಿಯಲ್ಲಿ ನಾಗರ, ಕೊಳಕುಮಂಡಲ, ಕೇರೆ ಎಲ್ಲವನ್ನೂ ಅತಿ ಹೆಚ್ಚು ರಕ್ಷಣೆ ಇರುವ ಮೊದಲನೇ ಪಟ್ಟಿಗೇ ಸೇರಿಸಿದ್ದಾರೆ. ಅದು ಗೊತ್ತಿರಲಿ. ಆದರೆ ಪಕ್ಕದಲ್ಲಿ ಮಕ್ಕಳು ಮಲಗಿರುವಾಗ ಅವರಿಗೆ ಬೇರೆ ದಾರಿ ತೋರಿಸಿದವರು ಯಾರೂ ಇರಲಿಲ್ಲ. 1926 ನಂಬರ್ ಅವರ ಶೆಡ್ಡಿನ ಬಾಗಿಲ ಮೇಲೆ ದೊಡ್ಡದಾಗಿ ಬರೆದು ಕೊಡಿ.

ಸೈಟ್ ಪಕ್ಕದ ಮನೆ:

ಅಕ್ಕ, ಇವತ್ತು ಓನರ್ ಜೊತೆ ಮಾತಾಡಿದೆವು. ಎರಡು ಕಬ್ಬಿಣದ ಮಂಚ ಕಳಿಸುತ್ತೇನೆ ಅಂದಿದ್ದಾರೆ. ಪರದೆ ನಾವು ಕೊಡುತ್ತೇವೆ, ಅತ್ತೆಯೇ ದುಡ್ಡು ಕೊಟ್ಟರು. ಮಂಚ ಬರುವವರೆಗೆ ನೆಲದ ಮೇಲೇ ಮಲಗಬೇಕಲ್ಲ, ಆಗ ಪರದೆ ಉಪಯೋಗಕ್ಕೆ ಬರುತ್ತದಾ? ಮಕ್ಕಳಿಗೆ ಇಡುವ ಛತ್ರಿಯಂಥ ಪರದೆ ಸಾಕಾ?

ತಳಘಟ್ಟಪುರದ ನರ್ಸರಿಯವಳು:

ಛತ್ರಿಯಂಥದ್ದು ಬೇಡ, ಅಂಚು ನೆಲಕ್ಕೆ ಸರಿಯಾಗಿ ಕೂರುವುದಿಲ್ಲ. ನಾಲ್ಕು ಮೂಲೆಗೆ ಕಟ್ಟುವ ಉದ್ದ ಪರದೆ ತನ್ನಿ. ನೆಲದ ಮೇಲೆ ಮಲಗುವವರಿಗೂ ಖಂಡಿತ ಉಪಯೋಗ ಇದೆ. ಸುತ್ತಲೂ ಅಂಚನ್ನು ಚಾಪೆ ಅಡಿಗೆ ಒಂದು ಗೇಣು ಒಳಗೆ ಸೇರಿಸಬೇಕು, ಎಲ್ಲೂ ಸಂದಿ ಬಿಡಬಾರದು. ಕತ್ತಲಾಗುವ ಮೊದಲೇ ಕಟ್ಟಿ, ಒಳಗೆ ಟಾರ್ಚ್ ಹಾಕಿ ಹಾಸಿಗೆ ಕೊಡವಿ ನೋಡಿ, ಆಮೇಲೆ ಮಕ್ಕಳನ್ನು ಮಲಗಿಸಲು ಹೇಳಿ. ಟಾರ್ಚ್ ಪರದೆ ಒಳಗೇ, ಕೈಗೆ ಸಿಗುವಲ್ಲಿ ಇರಲಿ. ಮೂಟೆಗಳ ಪಕ್ಕದಿಂದ ಚಾಪೆಯನ್ನು ಶೆಡ್ಡಿನ ನಡುವಿಗೆ ಇವತ್ತೇ ಸರಿಸಲಿ, ಅದಕ್ಕೆ ಮಂಚ ಬರುವವರೆಗೂ ಕಾಯಬೇಕಾಗಿಲ್ಲ.